ಶೋಧಕನ ಮನಸ್ಸಿನಲ್ಲಿ ಏನಿತ್ತು?

ನಾನು ಚಿಕ್ಕವನಿದ್ದಾಗ ಬಿಜ್ಜರಗಿಯಲ್ಲಿ ಶ್ರಾವಣ ಬಂದಿತೆಂದರೆ ಪುರಾಣ ಹಚ್ಚುತ್ತಿದ್ದರು. ಹಿಂಗಾರಿ ಜೋಳದ ಬಿತ್ತಿಗೆಗೆ ಇನ್ನೂ ದಿನಗಳಿರುವ ಕಾಲ. ರಾತ್ರಿ ರೊಟ್ಟಿ ತಿಂದು, ಕಂಬಳಿ ಹೊದ್ದು ಜನ ಗುಡಿಯ ಕಟ್ಟೆಗೆ ಬಂದು ಕೂಡುವರು. ಒಂದು ವರ್ಷ ಚಾಮರಸನ ‘ಪ್ರಭುಲಿಂಗಲೀಲೆ’ ನಡೆದಿತ್ತು. ಅಲ್ಲಮನನ್ನು ಮರುಳುಗೊಳಿಸಲು ಪಾರ್ವತಿಯು ಕೈಲಾಸದಿಂದ ಮಾಯೆಯನ್ನು ಭೂಮಿಗೆ ಕಳಿಸುವ ಪ್ರಸಂಗ ಬಂದಾಗ, ಹೆಣ್ಣುಮಕ್ಕಳ ಸಾಲಿನಿಂದ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿದಳು: “ಅಲ್ರೀ ಶಾಸ್ತ್ರಿಗಳ, ಪಾರ್ವತೆವ್ವಗ ಇದೆಲ್ಲಾ ಯಾಕ ಬೇಕಾಗಿತ್ತು? ಅಂವ ತನ್ನ ಪಾಡಿಗೆ ತಾ ಮದ್ದಳಿ ಬಾರಿಸಿಕೋತ ಇದ್ದ!” ಪುರಾಣಿಕರು ನಕ್ಕು, “ಹಂಗ ಮಾಡದಿದ್ರ ಪುರಾಣ ಮುಂದ ಹೋಗಬೇಕಲ್ಲಬೇ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅನಂತರ ನಾನು ಇತಿಹಾಸದ ಶಿಕ್ಷಕನಾದೆ. 1990ರ ದಶಕದ ನಡುವೆ ಒಂದು ದಿನ ಕ್ರೈಸ್ತ ಮತದ ಉದಯದ ಪಾಠ ಮಾಡುತ್ತಿದ್ದೆ. ತಂದೆಯ ವರ್ಗಾವಣೆಯಿಂದಾಗಿ ಗದಗ-ಬೆಟಗೇರಿಯ ಕಡೆಯಿಂದ ಬಂದಿದ್ದ ಕ್ರೈಸ್ತ ಕುಟುಂಬದ ಹುಡುಗಿಯೊಬ್ಬಳು ತರಗತಿಯಲ್ಲಿದ್ದಳು. ಎಂದೂ ಬಾಯಿ ಬಿಡದವಳು ಅಂದು ಎದ್ದು ನಿಂತಳು. “ಸರ್, ಯೇಸು ಸತ್ತದ್ದರಿಂದನ ಜಗತ್ತು ಉಳೀತು, ಸೈತಾನ ಸೋತ ಅಂತಾರ. ಹಂಗಿದ್ರ ಅವನ್ನ ಹಿಡಿಸಿಕೊಡಾಕ ಸೈತಾನನ ಯಾಕ ಯೂದನ ಒಳಗ ಹೊಕ್ಕ? ತನ್ನ ಕಾಲ ಮ್ಯಾಲೆ ತಾನ ಕೊಡ್ಲಿ ಹಾಕ್ಕೊಂಡಂಗ ಆಗಲಿಲ್ಲೇನ್ರಿ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆಗ ಇರಲಿಲ್ಲ. “ಇದು ಪರೀಕ್ಷಾಕ್ಕ ಬರೂದಿಲ್ಲ ತಂಗಿ, ಕೂಡು” ಎಂದುಬಿಟ್ಟೆ. ಆಕೆ ಕುಳಿತಳು, ಆ ವರ್ಷವೆಲ್ಲ ಮತ್ತೆ ಏನನ್ನೂ ಕೇಳಲಿಲ್ಲ. ನಿವೃತ್ತಿಯ ನಂತರ ಸಮಯ ಸಿಕ್ಕಾಗ ನಾನು ಓದಲು ತೆಗೆದುಕೊಂಡ ಮೊದಲ ವಿಷಯಗಳಲ್ಲಿ ಇದೂ ಒಂದು. ಓದುತ್ತ ಹೋದಂತೆ ತಿಳಿದುಬಂದದ್ದು ಇಷ್ಟು: ಆ ಹುಡುಗಿಯ ಪ್ರಶ್ನೆ ಸುಮಾರು ಸಾವಿರದ ಎಂಟುನೂರು ವರ್ಷಗಳಷ್ಟು ಹಳೆಯದು, ಮತ್ತು ಬಹಳ ದೊಡ್ಡ ದೊಡ್ಡವರು ಅದರ ಮುಂದೆ ತಡವರಿಸಿದ್ದಾರೆ.

ಮೊದಲು ಸೈತಾನನೆಂಬ ಹೆಸರಿನ ಮಾತು. ವಿಜಯಪುರದ ಕಡೆಯ ನಮಗೆ ಇದು ಪರಕೀಯ ಶಬ್ದವಲ್ಲ. ಆದಿಲಶಾಹಿಯ ನಾಡಿನಲ್ಲಿ ತುಂಟ ಹುಡುಗನನ್ನು ಯಾವ ಜಾತಿಯ ತಾಯಿಯಾದರೂ “ಸೈತಾನ” ಎಂದೇ ಬಯ್ಯುತ್ತಾಳೆ. ಈ ಶಬ್ದ ನಮಗೆ ಅರಬ್ಬಿಯಿಂದ, ಫಾರಸಿ ಮತ್ತು ಉರ್ದುವಿನ ಹಾದಿ ಹಿಡಿದು ಬಂದಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿ, 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ದೊರೆಯುವಂತಾಯಿತು. ಇಂದಿಗೂ ಕನ್ನಡ ಬೈಬಲಿನಲ್ಲಿ ಇರುವುದು ಆ ‘ಸೈತಾನ’ನೇ. ಹೀಬ್ರೂ ಭಾಷೆಯಲ್ಲಿ ಆ ಶಬ್ದಕ್ಕೆ ಎದುರಾಳಿ ಅಥವಾ ದೋಷಾರೋಪ ಮಾಡುವವನು ಎಂದರ್ಥ. ಹಳೆಯ ಒಡಂಬಡಿಕೆಯ ಯೋಬನ ಗ್ರಂಥದಲ್ಲಿ ಅವನು ದೇವರ ಓಲಗದಲ್ಲಿಯೇ ಬಂದು ನಿಲ್ಲುತ್ತಾನೆ. ‘ಯೋಬ ನಿನ್ನನ್ನು ಪುಕ್ಕಟೆಯಾಗಿ ಪೂಜಿಸುತ್ತಾನೆಯೇ? ಕೊಟ್ಟದ್ದನ್ನು ಕಸಿದುಕೊಂಡು ನೋಡು’ ಎಂಬುದು ಅವನ ವಾದದ ತಿರುಳು. ರಾಘವಾಂಕನ ಹರಿಶ್ಚಂದ್ರನನ್ನು ಓದಿದವರಿಗೆ ಇಂದ್ರನ ಸಭೆಯಲ್ಲಿ ವಸಿಷ್ಠನಿಗೆ ಎದುರಾಗಿ ನಿಂತ ವಿಶ್ವಾಮಿತ್ರ ನೆನಪಾಗದೆ ಇರುವುದಿಲ್ಲ. ಇಲ್ಲಿ ಸೈತಾನ ಇನ್ನೂ ವೈರಿಯಲ್ಲ. ಅಪ್ಪಣೆ ಪಡೆದು ಪರೀಕ್ಷೆಗೆ ಹೊರಟವನು.

ಈಗ ಯೇಸುವಿನ ಕಥೆಗೆ ಬರೋಣ. ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತಿದ್ದ ಒಂದು ಮಾತು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: ಆಧಾರಗಳನ್ನು ಕಲಸಬೇಡಿರಿ, ಮೊದಲು ಒಂದೊಂದನ್ನೂ ಬೇರೆಯಾಗಿ ಓದಿರಿ. 1565ರ ರಕ್ಕಸಗಿ-ತಂಗಡಗಿ ಯುದ್ಧದ ಕಾರಣಗಳನ್ನು ಹೇಳುವಾಗ ಇದನ್ನು ಹೇಳುತ್ತಿದ್ದೆ. ಆ ಯುದ್ಧ ನಡೆದು ದಶಕಗಳಾದ ಮೇಲೆ ಇದೇ ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ಕುಳಿತು ಬರೆದ ಫಿರಿಸ್ತಾ, ರಾಮರಾಯನ ಮನಸ್ಸಿನಲ್ಲಿ ಇದ್ದ ಸೊಕ್ಕನ್ನು ತಾನು ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ. ಎದುರಾಳಿಯ ಉದ್ದೇಶವನ್ನು ಯಾವಾಗಲೂ ಈಚೆಯ ದಂಡೆಯವರೇ ಬರೆಯುತ್ತಾರೆ. ಈ ಎಚ್ಚರಿಕೆಯನ್ನು ಬೇರೆಯವರಿಗೆ ಹೇಳಿದ ನಾನು ಆ ಹುಡುಗಿಯ ಪ್ರಶ್ನೆಗೆ ಮಾತ್ರ ಅದನ್ನು ಅನ್ವಯಿಸಲಿಲ್ಲ.

ಸುವಾರ್ತೆಗಳು ನಾಲ್ಕು. ವಿದ್ವಾಂಸರಲ್ಲಿ ಬಹುಜನರ ಅಭಿಪ್ರಾಯದಂತೆ ಮಾರ್ಕನದು ಎಲ್ಲಕ್ಕಿಂತ ಮೊದಲಿನದು, ಕ್ರಿ.ಶ. 70ರ ಸುಮಾರಿನದು, ಯೋಹಾನನದು ಕೊನೆಯದು, ಮೊದಲನೆಯ ಶತಮಾನ ಮುಗಿಯುವ ಹೊತ್ತಿನದು. ಮಾರ್ಕನು ಅಡವಿಯ ಶೋಧನೆಯನ್ನು ಎರಡೇ ವಚನಗಳಲ್ಲಿ ಮುಗಿಸುತ್ತಾನೆ: ನಾಲ್ವತ್ತು ದಿನ, ಸೈತಾನ, ಕಾಡುಮೃಗಗಳು, ದೇವದೂತರು. ಸೈತಾನ ಏನು ಕೇಳಿದ, ಏಕೆ ಬಂದ ಎಂಬ ಸುದ್ದಿಯೇ ಇಲ್ಲ. ಮತ್ತಾಯ, ಲೂಕರಲ್ಲಿ ಕಥೆ ಬೆಳೆಯುತ್ತದೆ. ಕಲ್ಲನ್ನು ರೊಟ್ಟಿ ಮಾಡು, ದೇವಾಲಯದ ಶಿಖರದಿಂದ ಹಾರು, ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುವೆನು, ಎಂಬ ಮೂರು ಮಾತುಗಳು ಇಬ್ಬರಲ್ಲಿಯೂ ಇವೆ; ಕೊನೆಯ ಎರಡರ ಅನುಕ್ರಮ ಮಾತ್ರ ಬೇರೆ. ಯೋಹಾನನಲ್ಲಿ ಅಡವಿಯ ಶೋಧನೆಯ ಪ್ರಸಂಗವೇ ಇಲ್ಲ.

ಈಗ ಶಿಲುಬೆಯ ಕಡೆಗೆ ನೋಡಿದರೆ ನನಗೆ ನಿಜವಾಗಿ ಬೆರಗು ಹುಟ್ಟಿಸಿದ ಸಂಗತಿ ಕಾಣುತ್ತದೆ. ತಾನು ಯೆರೂಸಲೇಮಿನಲ್ಲಿ ಸಾಯಬೇಕಾಗಿದೆ ಎಂದು ಯೇಸು ಹೇಳಿದಾಗ, ಹಾಗಾಗದಿರಲಿ ಎಂದು ತಡೆಯಲು ಬಂದ ಶಿಷ್ಯ ಪೇತ್ರನನ್ನು ಅವನು ‘ಸೈತಾನನೇ’ ಎಂದು ಗದರಿಸುತ್ತಾನೆ. ಎಂದರೆ ಸೈತಾನನ ದನಿ ಶಿಲುಬೆ ಬೇಡವೆನ್ನುವ ದನಿ. ಇದು ಇರುವುದು ಮಾರ್ಕ ಮತ್ತು ಮತ್ತಾಯರಲ್ಲಿ. ಸೈತಾನನು ಯೂದನೊಳಗೆ ಹೊಕ್ಕು ಯೇಸುವನ್ನು ಹಿಡಿಸಿಕೊಟ್ಟನೆಂಬ ಮಾತು ಇರುವುದು ಲೂಕ ಮತ್ತು ಯೋಹಾನರಲ್ಲಿ. ಮಾರ್ಕ, ಮತ್ತಾಯರಲ್ಲಿ ಯೂದನ ಪ್ರಸಂಗದಲ್ಲಿ ಸೈತಾನನ ಹೆಸರಿಲ್ಲ, ಹಣದ ಮಾತು ಮಾತ್ರ ಇದೆ. ಮೂವತ್ತು ಬೆಳ್ಳಿಯ ನಾಣ್ಯಗಳೆಂದು ಲೆಕ್ಕ ಹೇಳುವವನು ಮತ್ತಾಯನೊಬ್ಬನೇ. ಲೂಕ, ಯೋಹಾನರಲ್ಲಿ ಪೇತ್ರನಿಗೆ ಬಿದ್ದ ಆ ಬೈಗುಳ ಇಲ್ಲ. ಶಿಲುಬೆಯನ್ನು ತಪ್ಪಿಸಬಯಸುವ ಸೈತಾನ ಇಬ್ಬರ ಪುಸ್ತಕದಲ್ಲಿ, ಶಿಲುಬೆಗೆ ದೂಡುವ ಸೈತಾನ ಮತ್ತಿಬ್ಬರ ಪುಸ್ತಕದಲ್ಲಿ. ಯಾವ ಒಬ್ಬ ಲೇಖಕನೂ ಎರಡನ್ನೂ ಹೇಳುವುದಿಲ್ಲ. ನಾಲ್ಕನ್ನೂ ಸೇರಿಸಿ ಒಂದೇ ರಟ್ಟು ಹಾಕಿದ ಮೇಲೆ ಸೈತಾನನು ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡವನಂತೆ ಕಾಣತೊಡಗಿದ.

ಇದನ್ನು ಕಂಡ ದಿನ ನನಗೆ ಬಿಜ್ಜರಗಿಯ ಗುಡಿಯ ಕಟ್ಟೆ ನೆನಪಾಯಿತು. ನಮ್ಮ ಅಲ್ಲಮನ ಕಥೆಯಲ್ಲಿಯೂ ಇದೇ ನಡೆದಿದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಮಾಯೆಯೂ ಇಲ್ಲ, ಕೈಲಾಸದ ಪಂಥವೂ ಇಲ್ಲ. ಅಲ್ಲಿರುವುದು ಕಮಲತೆಯೆಂಬ ಹೆಣ್ಣು, ಆಕೆಯ ಮೇಲಿನ ಅಲ್ಲಮನ ಒಲವು, ಜ್ವರದಿಂದ ಆಕೆಯ ಸಾವು, ದುಃಖದಿಂದ ಹುಚ್ಚನಂತೆ ಅಲೆಯುವಾಗ ಸಿಕ್ಕ ಗುರು ಅನಿಮಿಷ. ಎಲ್ಲ ಮನೆಗಳಲ್ಲಿ ನಡೆಯಬಹುದಾದ ಸಂಗತಿ. ಅದಾಗಿ ಸುಮಾರು ಎರಡು ಶತಮಾನಗಳ ಮೇಲೆ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 1424ರಿಂದ 1446ರ ನಡುವೆ, ಚಾಮರಸನು ಅದೇ ಅಲ್ಲಮನನ್ನು ಭಾಮಿನಿ ಷಟ್ಪದಿಗೆ ತಂದಾಗ ಕಥೆಗೆ ಒಂದು ಮೇಲುಮಾಳಿಗೆ ಏರಿತು. ಮಾಯೆಗೆ ಸಿಕ್ಕದವರಿಲ್ಲವೆಂದು ಪಾರ್ವತಿ, ಅಲ್ಲಮನು ಸಿಕ್ಕುವುದಿಲ್ಲವೆಂದು ಶಿವ. ಪಾರ್ವತಿಯ ತಾಮಸ ಕಳೆ ಬನವಸೆಯಲ್ಲಿ ಮಮಕಾರನೆಂಬ ಅರಸನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನನ್ನು ಕಂಡು, ಬೀಸಿದ ಬಲೆಗೆ ಬೀಸಿದವಳೇ ಬೀಳುತ್ತಾಳೆ. ಅವನು ಕೈಗೆ ಸಿಗುವುದಿಲ್ಲ. ಮಾಯೆ ಸೋತು ಮರಳಿದ ಮೇಲೆ ಪಾರ್ವತಿಯ ಸಾತ್ವಿಕ ಕಳೆ ಅಕ್ಕಮಹಾದೇವಿಯಾಗಿ ಹುಟ್ಟುತ್ತದೆ.

ಹರಿಹರನಲ್ಲಿ ಹೆಣ್ಣೊಬ್ಬಳ ಸಾವು, ಚಾಮರಸನಲ್ಲಿ ದೇವಲೋಕದ ಪಂಥ. ಮಾರ್ಕನಲ್ಲಿ ಎರಡು ವಚನ, ಮತ್ತಾಯನಲ್ಲಿ ಪೂರ್ಣ ಸಂವಾದ. ಆರಂಭದ ಕಥೆಯಲ್ಲಿ ಎದುರಾಳಿಗೆ ಮನಸ್ಸೇ ಇರುವುದಿಲ್ಲ. ಕೇಳುವವರು ಮುದುಕಿಯಂತೆ ‘ಯಾಕ ಬೇಕಾಗಿತ್ತು’ ಎಂದು ಕೇಳತೊಡಗಿದ ಮೇಲೆಯೇ ಅವನಿಗೊಂದು ಮನಸ್ಸನ್ನು ಕೊಡಬೇಕಾಗುತ್ತದೆ. ನಮ್ಮೂರಿನಲ್ಲಿಯೇ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳು ಅಲ್ಲಮನ ವಚನಗಳಿಗೆ ನಿರ್ವಚನ ಬರೆದವರು. ಅವರು ಇದ್ದಾಗ ಈ ಹೋಲಿಕೆಯನ್ನು ಅವರ ಮುಂದೆ ಇಡಬೇಕಿತ್ತು ಎಂದು ಈಗ ಅನಿಸುತ್ತದೆ. ನನಗೆ ಇದು ಹೊಳೆಯುವ ಹೊತ್ತಿಗೆ ಅವರು ಇರಲಿಲ್ಲ.

ಇನ್ನು ಕ್ರೈಸ್ತ ಪಂಡಿತರು ಆ ಎದುರಾಳಿಗೆ ಯಾವ ಮನಸ್ಸನ್ನು ಕೊಟ್ಟರೆಂಬ ಇತಿಹಾಸ. ಅದಕ್ಕೆ ಬೀಜ ಸುವಾರ್ತೆಗಳಿಗಿಂತ ಹಳೆಯದಾದ ಪೌಲನ ಪತ್ರದಲ್ಲಿದೆ. ಕ್ರಿ.ಶ. 55ರ ಸುಮಾರಿನಲ್ಲಿ ಕೊರಿಂಥದವರಿಗೆ ಬರೆಯುತ್ತ ಅವನು, ಈ ಲೋಕದ ಅಧಿಕಾರಿಗಳಿಗೆ ದೇವರ ಗುಟ್ಟು ತಿಳಿದಿದ್ದರೆ ಅವರು ಯೇಸುವನ್ನು ಶಿಲುಬೆಗೆ ಹಾಕುತ್ತಲೇ ಇರಲಿಲ್ಲ ಎಂಬರ್ಥದ ಮಾತನ್ನು ಹೇಳಿದ್ದಾನೆ. ಅಧಿಕಾರಿಗಳೆಂದರೆ ಪಿಲಾತ ಮೊದಲಾದವರೋ, ಕಾಣದ ಶಕ್ತಿಗಳೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ಕಾಣದ ಶಕ್ತಿಯ ಪಕ್ಷವನ್ನೇ ಹಿಡಿದು, ಯೇಸುವಿನ ಜನನವೂ ಮರಣವೂ ಈ ಲೋಕದ ಒಡೆಯನ ಕಣ್ಣಿಗೆ ಮರೆಯಾಗಿದ್ದವು ಎಂದು ಬರೆದ. ಅಂದರೆ ಸೈತಾನನಿಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಸಿಕ್ಕಬಹುದಾಗಿದ್ದ ಮೊದಲ ಉತ್ತರ ಇದು.

ಮೂರನೆಯ ಶತಮಾನದ ಓರಿಜನ್, ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿ ಈ ಉತ್ತರಕ್ಕೆ ಪೇಟೆಯ ರೂಪ ಕೊಟ್ಟರು. ಅದು ಗುಲಾಮರನ್ನು ಕೊಂಡು ಮಾರುತ್ತಿದ್ದ ರೋಮನ್ ಕಾಲವೆಂಬುದನ್ನು ಮರೆಯಬಾರದು. ಗ್ರೆಗರಿಯ ವಾದ ಹೀಗೆ: ಮನುಷ್ಯನು ತನ್ನನ್ನು ತಾನೇ ಸೈತಾನನಿಗೆ ಮಾರಿಕೊಂಡ. ಕೊಂಡವನಿಂದ ಬಲವಂತವಾಗಿ ಕಸಿಯುವುದು ನ್ಯಾಯವಲ್ಲ, ಬೆಲೆ ಕೊಟ್ಟೇ ಬಿಡಿಸಬೇಕು. ಯೇಸುವಿನ ಅದ್ಭುತಗಳನ್ನು ಕಂಡ ಸೈತಾನನಿಗೆ, ತನ್ನ ಬಳಿಯಿರುವ ಎಲ್ಲರಿಗಿಂತಲೂ ಈ ಒಬ್ಬನು ಬೆಲೆಯುಳ್ಳವನೆಂದು ಆಸೆ ಹುಟ್ಟಿತು. ಬದಲಿಗೆ ಇವನನ್ನು ಕೇಳಿದ. ಆದರೆ ಮಾಂಸದ ಎರೆಯೊಳಗೆ ದೈವತ್ವದ ಗಾಳ ಅಡಗಿತ್ತು. ಮೀನಿನಂತೆ ನುಂಗಿದ, ಸಿಕ್ಕಿಬಿದ್ದ. ಮುಂದೆ ಆಗಸ್ಟೀನ್ ಗಾಳದ ಬದಲು ಇಲಿಬೋನನ್ನು ಹೇಳಿದ. ಹಗೇವಿನ ಜೋಳಕ್ಕೆ ಇಲಿ ಬಿದ್ದ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಬೋನೇ ಚೆನ್ನಾಗಿ ತಿಳಿಯುತ್ತದೆ: ಒಳಗೆ ಸಿಕ್ಕಿಸಿದ ಒಣಕೊಬ್ಬರಿಯ ಚೂರು ಇಲಿಯ ಆಸೆ, ತಂತಿಯ ಸುದ್ದಿ ಇಲಿಗೆ ಗೊತ್ತಿಲ್ಲ.

ಹಾಗಾದರೆ ದೇವರು ಮೋಸ ಮಾಡಿದಂತಾಗಲಿಲ್ಲವೆ? ಗ್ರೆಗರಿ ಈ ಆಕ್ಷೇಪವನ್ನು ತಾನೇ ಎತ್ತಿಕೊಂಡಿದ್ದಾನೆ. ಮೋಸದಿಂದ ಮನುಷ್ಯನನ್ನು ಕೆಡಿಸಿದವನು ಮೋಸದಿಂದಲೇ ಕೆಟ್ಟ. ಆದರೆ ವಿಷ ಬೆರೆಸುವವನೂ ಔಷಧ ಬೆರೆಸುವವನೂ ಒಂದೇ ಅಲ್ಲ. ಕೊನೆಗೆ ಈ ಔಷಧದಿಂದ ಸೈತಾನನಿಗೂ ಗುಣವಾಗುವುದು, ಎಂದು ಅವನ ಸಮಾಧಾನ. ಈ ಕೊನೆಯ ಮಾತು ಓದಿದಾಗ ವಿಜಯಪುರದ ದರ್ಗಾ ಭಾಗದಲ್ಲಿರುವ ಸಹಸ್ರಫಣಿ ಪಾರ್ಶ್ವನಾಥನ ಬಸದಿ ಕಣ್ಣಮುಂದೆ ಬಂದಿತು. ಪಾರ್ಶ್ವನಾಥನ ಮೇಲೆ ಮಳೆಯನ್ನೂ ಬಂಡೆಗಳನ್ನೂ ಸುರಿಸಿದ ಕಮಠನ ಉದ್ದೇಶ ಜೈನ ಪುರಾಣಗಳಲ್ಲಿ ಬಹಳ ಸ್ಪಷ್ಟ: ಜನ್ಮಜನ್ಮಾಂತರದಿಂದ ಬಂದ ಅಣ್ಣತಮ್ಮಂದಿರ ಹಗೆ. ಆ ಹಗೆಯೂ ಕೊನೆಗೆ ತಲೆಬಾಗುತ್ತದೆ. ಬಾದಾಮಿ, ಐಹೊಳೆಯ ಗುಹೆಗಳಲ್ಲಿ ಆ ದೃಶ್ಯದ ಕೆತ್ತನೆಯನ್ನು ಪ್ರವಾಸಕ್ಕೆ ಬಂದ ನಿಮ್ಮಲ್ಲಿ ಹಲವರು ನೋಡಿದ್ದೀರಿ. ನೋಡುವುದಕ್ಕಿಂತ ಬುತ್ತಿ ಬಿಚ್ಚುವ ಅವಸರವೇ ನಿಮಗೆ ಹೆಚ್ಚಾಗಿತ್ತು ಎಂಬುದು ಬೇರೆ ಮಾತು.

ಎಲ್ಲರೂ ಗ್ರೆಗರಿಯನ್ನು ಒಪ್ಪಲಿಲ್ಲ. ಅವನ ಸ್ನೇಹಿತನೇ ಆದ ನಜಿಯಾನ್ಜಸಿನ ಗ್ರೆಗರಿ, ಕಳ್ಳನಿಗೆ ಬಿಡುಗಡೆಯ ಹಣ ಕೊಡುವುದೆ, ಅದೂ ದೇವರನ್ನೇ ಬೆಲೆಯಾಗಿ ಕೊಡುವುದೆ ಎಂದು ಸಿಟ್ಟಿನಿಂದ ಕೇಳಿದ. ಏಳು ಶತಮಾನಗಳ ತರುವಾಯ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ‘ದೇವರು ಮನುಷ್ಯನಾದದ್ದೇಕೆ’ ಎಂಬ ಗ್ರಂಥದಲ್ಲಿ, ಸೈತಾನನಿಗೆ ಯಾವ ಹಕ್ಕೂ ಇಲ್ಲ, ಓಡಿಹೋದ ಆಳೊಬ್ಬ ಮತ್ತೊಬ್ಬ ಆಳನ್ನು ಅಪಹರಿಸಿದಂತೆ ಇದು ಎಂದು ಸಾರಿದ. ತೀರಿಸಬೇಕಾದ ಸಾಲ ದೇವರ ಗೌರವಕ್ಕೆ ಸಂಬಂಧಿಸಿದ್ದು. ಒಡೆಯನ ಮಾನವೇ ದೊಡ್ಡದಾಗಿದ್ದ ಜಹಗೀರುದಾರಿಯ ಕಾಲದಲ್ಲಿ ಈ ಮಾತು ಜನಕ್ಕೆ ಸಹಜವಾಗಿ ಹಿಡಿಸಿತು. ಆನ್ಸೆಲ್ಮನ ನಂತರ ಪಶ್ಚಿಮದ ಪಂಡಿತರ ಲೆಕ್ಕಪುಸ್ತಕದಿಂದ ಸೈತಾನನ ಹೆಸರು ಬಹುಮಟ್ಟಿಗೆ ಹೊರಬಿದ್ದಿತು. ಮತ್ತೆ ಅವನನ್ನು ರಣರಂಗಕ್ಕೆ ಕರೆತಂದವನು ಸ್ವೀಡನ್ನಿನ ಗುಸ್ತಾಫ್ ಔಲೇನ್. 1930ರಲ್ಲಿ ಅವನು ಹಳೆಯ ವಿಜಯದ ಕಥೆಯೇ ಮೂಲ ಸಿದ್ಧಾಂತವೆಂದು ವಾದಿಸಿದ.

ಪಂಡಿತರು ಕೈಬಿಟ್ಟರೂ ಕವಿಗಳು ಬಿಡಲಿಲ್ಲ. ಮತ್ತಾಯನಲ್ಲಿ ಮಾತ್ರ ಬರುವ ಒಂದು ಸಣ್ಣ ಸಂಗತಿ ಇದೆ: ಪಿಲಾತನ ಹೆಂಡತಿ ಕನಸು ಕಂಡು, ಆ ನೀತಿವಂತನ ಗೊಡವೆಗೆ ಹೋಗಬೇಡವೆಂದು ಗಂಡನಿಗೆ ಹೇಳಿಕಳಿಸುತ್ತಾಳೆ. ಒಂಬತ್ತನೆಯ ಶತಮಾನದ ‘ಹೇಲಿಯಾಂಡ್’ ಎಂಬ ಹಳೆಯ ಸ್ಯಾಕ್ಸನ್ ಕಾವ್ಯದಲ್ಲಿ ಆ ಕನಸನ್ನು ಕಳಿಸಿದವನು ಸೈತಾನನೇ. ಈ ಸಾವಿನಿಂದ ಮನುಷ್ಯರು ಬಿಡುಗಡೆಯಾಗುವರೆಂಬ ಅರಿವು ಅವನಿಗೆ ತಡವಾಗಿ ಬಂದು, ಕೊನೆಯ ಗಳಿಗೆಯಲ್ಲಿ ತಪ್ಪಿಸಲು ಓಡಾಡುತ್ತಾನೆ. ಎರಡು ಸೈತಾನರನ್ನು ಒಬ್ಬನನ್ನಾಗಿ ಮಾಡಲು ಇದಕ್ಕಿಂತ ಜಾಣ ದಾರಿ ನನಗೆ ಕಂಡಿಲ್ಲ. ಮಿಲ್ಟನ್ 1671ರ ‘ಪ್ಯಾರಡೈಸ್ ರಿಗೇನ್ಡ್’ ಕಾವ್ಯದಲ್ಲಿ ಬೇರೆ ದಾರಿ ಹಿಡಿದ. ಅಲ್ಲಿಯ ಸೈತಾನ ಯೊರ್ದನಿನ ದಡದಲ್ಲಿ ‘ದೇವಕುಮಾರ’ ಎಂಬ ಮಾತನ್ನು ಕೇಳಿಸಿಕೊಂಡಿದ್ದಾನೆ, ಆದರೆ ಅದರ ಅರ್ಥ ಅವನಿಗೆ ಬಗೆಹರಿದಿಲ್ಲ. ತಾನೂ ಒಂದು ಕಾಲಕ್ಕೆ ಆ ಹೆಸರಿನವನೇ. ಅದನ್ನು ತಿಳಿಯಲೆಂದೇ ಅವನ ಶೋಧನೆಗಳೆಲ್ಲ.

ಸೈತಾನನ ಉದ್ದೇಶವನ್ನು ಕುರಿತು ಮುಸ್ಲಿಂ ಪರಂಪರೆಯಲ್ಲಿಯೂ ದೊಡ್ಡ ವಿಚಾರ ನಡೆದಿದೆ. ಬೆಂಕಿಯಿಂದ ಹುಟ್ಟಿದ ತಾನು ಮಣ್ಣಿನಿಂದಾದ ಆದಮನಿಗೆ ತಲೆಬಾಗಲಾರೆನೆಂಬ ಇಬ್ಲೀಸನ ಗರ್ವ ಕುರ್‌ಆನಿನಲ್ಲಿದೆ. 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಹಲ್ಲಾಜ್ ಮಾತ್ರ, ದೇವರೊಬ್ಬನಿಗಲ್ಲದೆ ಬೇರೆಯವರಿಗೆ ಬಾಗಲಾರದ ಪ್ರೇಮಿಯನ್ನು ಆ ಇಬ್ಲೀಸನಲ್ಲಿ ಕಂಡ. ಸೂಫಿಗಳ ದರ್ಗಾಗಳು ತುಂಬಿದ ನಗರದಲ್ಲಿ ದಶಕಗಟ್ಟಲೆ ಪಾಠ ಹೇಳಿಯೂ ನಾನು ಇದನ್ನು ನಿವೃತ್ತಿಯ ನಂತರ ಓದಿದೆ.

ನಮ್ಮ ಈ ಸೀಮೆಗೂ ಈ ಪ್ರಶ್ನೆಗಳು ಹೊಸವಲ್ಲ. ಗೋವೆಯ ಸಾಷ್ಟಿ, ಬಾರ್ದೇಶಗಳು 1543ರಲ್ಲಿ ವಿಜಯಪುರದ ಆದಿಲಶಾಹನಿಂದ ಪೋರ್ತುಗೀಜರ ಕೈಸೇರಿದವು. ಅದೇ ಸಾಷ್ಟಿಯ ರಾಯತೂರಿನಲ್ಲಿ, ಇಲ್ಲಿ ಎರಡನೆಯ ಇಬ್ರಾಹಿಂ ಆಳುತ್ತಿದ್ದ 1616ರಲ್ಲಿ, ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಜೆಸುಯಿಟ್ ಪಾದ್ರಿಯ ‘ಕ್ರಿಸ್ತಪುರಾಣ’ ಅಚ್ಚಾಯಿತು. ಮರಾಠಿಯ ಓವಿಗಳಲ್ಲಿರುವ ಆ ಗ್ರಂಥದಲ್ಲಿ ಹೊಸದಾಗಿ ಕ್ರೈಸ್ತರಾದವರು ಸಂದೇಹ ಕೇಳುತ್ತಾರೆ, ಪಾದ್ರಿ-ಗುರು ಉತ್ತರ ಹೇಳುತ್ತಾನೆ. ಕೂಡು ಎಂದು ಹೇಳಿ ಕೂರಿಸುವುದಿಲ್ಲ. ನಮ್ಮ ಕಿಟೆಲ್ಲರೂ ನಿಘಂಟಿಗೆ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂದು ಕನ್ನಡ ಪದ್ಯದಲ್ಲಿ ಬರೆದರು. ಪುರಾಣದ ಕಿವಿಯುಳ್ಳ ಜನಕ್ಕೆ ಪುರಾಣದ ಧಾಟಿಯಲ್ಲಿಯೇ ಹೇಳಬೇಕೆಂಬುದು ಇಬ್ಬರಿಗೂ ತಿಳಿದಿತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಈ ಗಂಟಿನ ಒಂದು ಎಳೆಯನ್ನು ಬಿಡಿಸಿದ್ದು ಕನ್ನಡ ಬೈಬಲಿನ ಒಂದು ಶಬ್ದ. ಅಡವಿಯಲ್ಲಿ ಯೇಸುವಿನ ಬಳಿಗೆ ಬಂದವನನ್ನು ಅದು ‘ಶೋಧಕ’ನೆನ್ನುತ್ತದೆ, ಅವನು ಮಾಡಿದ್ದನ್ನು ‘ಶೋಧನೆ’ ಎನ್ನುತ್ತದೆ. ಪ್ರಲೋಭನೆ ಎಂದಿದ್ದರೆ ಆಸೆ ತೋರಿಸಿ ಕೆಡಿಸುವುದೆಂಬ ಒಂದೇ ಅರ್ಥ ಉಳಿಯುತ್ತಿತ್ತು. ಮೂಲದ ಗ್ರೀಕ್ ಶಬ್ದಕ್ಕೆ ಕೆಡಿಸುವುದು, ಪರೀಕ್ಷಿಸುವುದು ಎಂಬ ಎರಡೂ ಅರ್ಥಗಳುಂಟು. ಶೋಧಿಸುವುದೆಂದರೆ ಹುಡುಕುವುದು, ಸೋಸುವುದು. ಸೈತಾನನು ಶಿಷ್ಯರನ್ನು ಗೋದಿಯಂತೆ ಸಾಣಿಗೆಗೆ ಹಾಕಲು ಕೇಳಿಕೊಂಡನೆಂಬ ಮಾತು ಲೂಕನಲ್ಲಿಯೂ ಇದೆ. ಅಡವಿಯಲ್ಲಿ ಶೋಧಕನು ಎರಡು ಸಲ ಕೇಳುವುದು ‘ನೀನು ದೇವಕುಮಾರನಾಗಿದ್ದರೆ’ ಎಂದು. ಅದು ಉತ್ತರ ಗೊತ್ತಿಲ್ಲದವನ ಪ್ರಶ್ನೆ. ಯೇಸು ಮೂರು ಸಲವೂ ಶಾಸ್ತ್ರವಾಕ್ಯ ಹೇಳುತ್ತಾನೆಯೇ ಹೊರತು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಅದೇ ಮಾತು ಮತ್ತಾಯನ ಕೊನೆಯಲ್ಲಿ ಮತ್ತೆ ಕೇಳಿಬರುತ್ತದೆ: ದೇವಕುಮಾರನಾಗಿದ್ದರೆ ಶಿಲುಬೆಯಿಂದ ಇಳಿದು ಬಾ ಎಂದು ದಾರಿಹೋಕರು ಅಣಕಿಸುತ್ತಾರೆ. ಅಲ್ಲಿ ಸೈತಾನನ ಹೆಸರಿಲ್ಲ, ಅವನ ಪ್ರಶ್ನೆ ಮಾತ್ರ ಇದೆ. ಆಗಲೂ ಉತ್ತರ ಸಿಗುವುದಿಲ್ಲ.

ಆದ್ದರಿಂದ ಮತ್ತಾಯನ ಸೈತಾನನಿಗೆ ಕೊಲ್ಲುವ ಉದ್ದೇಶವಿತ್ತೆಂದು ನನಗೆ ತೋರುವುದಿಲ್ಲ. ಅವನಿಗೆ ಬೇಕಾದದ್ದು ಒಂದು ಉತ್ತರ. ಆ ಉತ್ತರಕ್ಕಾಗಿ ಯೇಸು ಒಂದು ಸಲವಾದರೂ ತನಗಾಗಿ ಶಕ್ತಿಯನ್ನು ಬಳಸಬೇಕಿತ್ತು. ಲೂಕನ ಸೈತಾನ ಬೇರೆಯವನು. ತಕ್ಕ ಸಮಯಕ್ಕಾಗಿ ಕಾದವನು, ಕೆಡಿಸಲು ಆಗದಿದ್ದುದನ್ನು ಇಲ್ಲವಾಗಿಸಲು ಯೂದನ ಬಾಗಿಲಿನಿಂದ ಒಳಬಂದವನು. ತಂಗಿ, ನೀನು ಕೇಳಿದ್ದು ಈ ಎರಡನೆಯವನ ವಿಷಯ. ಅವನಿಗೆ ಗೊತ್ತಿರಲಿಲ್ಲ ಎಂದು ಮೊದಲ ಶತಮಾನಗಳವರು ಹೇಳಿದರು, ನಾನು ಅಷ್ಟನ್ನಾದರೂ ಅಂದೇ ಹೇಳಬಹುದಾಗಿತ್ತು.

ಉಳಿಯುವವನು ಯೂದ. ಚಾಮರಸನ ಮಾಯೆ ಪಾರ್ವತಿಯದೇ ಒಂದು ಕಳೆ. ಸೋತರೆ ತಾಯಿಯ ಮನೆಗೆ ಮರಳುತ್ತಾಳೆ. ವಿಶ್ವಾಮಿತ್ರನು ಸೋತು ತನ್ನ ತಪಸ್ಸಿನ ಫಲವನ್ನೇ ಹರಿಶ್ಚಂದ್ರನಿಗೆ ಕೊಡುತ್ತಾನೆ. ಗ್ರೆಗರಿ ಸೈತಾನನಿಗೂ ಗುಣವಾಗುವುದೆಂದ. ಆದರೆ ಮತ್ತಾಯನಲ್ಲಿ ಯೂದನು ಪಶ್ಚಾತ್ತಾಪದಿಂದ ಆ ಮೂವತ್ತು ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ, ಹೋಗಿ ಉರುಲು ಹಾಕಿಕೊಳ್ಳುತ್ತಾನೆ. ಸೈತಾನನ ಉದ್ದೇಶದ ಬಗ್ಗೆ ಇಷ್ಟೆಲ್ಲ ಬರೆದ ಪಂಡಿತರು, ಅವನು ಹೊಕ್ಕು ಹೊರಟ ಮನೆಯ ಬಗ್ಗೆ ಅಷ್ಟು ಮರುಗಿದ್ದನ್ನು ನಾನು ಹೆಚ್ಚಾಗಿ ಕಾಣಲಿಲ್ಲ. ಇದರ ಬಗ್ಗೆ ಇನ್ನೂ ಓದುತ್ತಿದ್ದೇನೆ.

ಆ ವರ್ಷದ ತರಗತಿಯಲ್ಲಿದ್ದ ಯಾರಿಗಾದರೂ ಆಕೆ ಈಗ ಎಲ್ಲಿದ್ದಾಳೆಂಬುದು ತಿಳಿದಿದ್ದರೆ ಇದನ್ನು ಆಕೆಗೆ ತಲುಪಿಸಿರಿ. ಯೂದನ ಭಾಗ ಬಾಕಿ ಇದೆಯೆಂದೂ ತಿಳಿಸಿರಿ.